ಪಾಯಿಂಟ್ ತ್ರೀ ಸಾಹೇಬರು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಅರದ ಹಲ್ಲಿನಂಥ ಸಣ್ಣ ಸಣ್ಣ ಚೌಕುಳಿಗಳಿದ್ದವು. ಲೋಹದ ಪೆನ್ಸಿಲ್ಲಿನ ಹಿಡಿಕೆಯ ಮೇಲೆ ಬೆರಳು ಜಾರದಿರಲೆಂದು ಕೊರೆದಿರುತ್ತಾರಲ್ಲ, ಆ ಕೊರೆತವೇ ಒಂದು ಆಯುಷ್ಯವಿಡೀ ಒತ್ತಿ ಒತ್ತಿ ಚರ್ಮಕ್ಕಿಳಿದಿತ್ತು. ದೇವರು ಕೊಟ್ಟ ಗೆರೆಗಳು ಸವೆದುಹೋಗಿ, ಕಂಪನಿ ಕೊಟ್ಟ ಗೆರೆಗಳು ಅಲ್ಲಿ ಠಿಕಾಣಿ ಹೂಡಿದ್ದವು. ನಮ್ಮ ತರೀಕೆರೆಯ ರೇಷನ್ ಅಂಗಡಿಗೆ ಹೆಬ್ಬೆಟ್ಟಿನ ಮಷಿನ್ನು ಬಂದ ದಿನದಿಂದಲೂ ಅದು ಆ ಬೆರಳನ್ನು ಮನುಷ್ಯನದೆಂದು ಒಪ್ಪಲಿಲ್ಲ. ಒತ್ತಿದರೆ ಕೆಂಪು ದೀಪ, ಒರೆಸಿ ಒತ್ತಿದರೂ ಕೆಂಪು ದೀಪ. ಕಡೆಗೆ ಮಗಳ ಮೊಬೈಲಿಗೆ ಬಂದ ನಂಬರನ್ನು ಫೋನಿನಲ್ಲಿ ಕೇಳಿ, ಅದನ್ನು ಹೇಳಿ ಅಕ್ಕಿ ತರಬೇಕಾಗುತ್ತಿತ್ತು. ಬೇರೆಯವರಾಗಿದ್ದರೆ ಅರ್ಜಿ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು. ಇವರು ಆ ಕೆಂಪು ದೀಪವನ್ನು ಸನ್ಮಾನದ ಶಾಲಿನಂತೆ ಹೊದ್ದುಕೊಂಡು ನೇರವಾಗಿ ನನ್ನ ಅಂಗಡಿಗೆ ಬರುತ್ತಿದ್ದರು.

"ಇವತ್ತೂ ಒಪ್ಲಿಲ್ಲ ಶೆಟ್ರೇ," ಎಂದು ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ಕೆಲ್ಸ ಮಾಡಿದ ಕೈ ಅಂದ್ರೆ ಹಿಂಗಿರ್ಬೇಕು. ಎಲ್ಲಿ, ನಿಮ್ದು ತೋರ್ಸಿ. ಥೂ! ಬೆಣ್ಣೆ ಬಿಸ್ಕತ್ತು."

ನನ್ನದು ಬಸ್ ಸ್ಟ್ಯಾಂಡಿನ ಹತ್ತಿರದ ಪುಸ್ತಕ, ಪೆನ್ನು, ಪೆನ್ಸಿಲ್ಲಿನ ಅಂಗಡಿ. ಊರಿಗೆ ವಿದ್ಯೆ ಹಂಚುವ ಈ ಪವಿತ್ರ ಕಾರ್ಯದ ಜೊತೆಗೆ ಬಲೂನು, ಬರ್ತ್‌ಡೇ ಟೋಪಿ, ಮೊಬೈಲ್ ಕವರುಗಳನ್ನೂ ಹಂಚಬೇಕಾಗಿ ಬಂದಿದೆ, ಇರಲಿ. ಅವರು ಸರ್ಕಾರದ ಒಂದು ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಆಮೇಲೆ ಮಸೀದಿಯ ಹಿಂದಿನ ಓಣಿಯಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಮನೆ ಕಟ್ಟಿಸುವವರಿಗೆ ಪ್ಲಾನ್ ಬರೆದುಕೊಡುತ್ತಿದ್ದರು. ಊರು ಅವರನ್ನು ನಕ್ಷೆ ಸಾಹೇಬರು ಎನ್ನುತ್ತಿತ್ತು. ಅವರ ಬೆನ್ನ ಹಿಂದೆ ನಾನು ಮಾತ್ರ ಪಾಯಿಂಟ್ ತ್ರೀ ಸಾಹೇಬರು ಎನ್ನುತ್ತಿದ್ದೆ.

ಒಂದು ಮಿಲಿಮೀಟರನ್ನು ಹತ್ತು ಭಾಗ ಮಾಡಿ, ಅದರಲ್ಲಿ ಮೂರು ಭಾಗದಷ್ಟು ತೆಳ್ಳಗಿರುವ ಲೆಡ್ಡು ಹಾಕುವ ಪೆನ್ಸಿಲ್ಲೊಂದಿದೆ. ಆ ಲೆಡ್ಡನ್ನು ಕಡ್ಡಿ ಎನ್ನುವುದೇ ಹೆಚ್ಚಾಯಿತು. ಮೀಸೆಯ ಕೂದಲು ಎನ್ನಬೇಕು. ಆ ಪೆನ್ಸಿಲ್ಲಿನ ಹೆಸರು ಪಾಯಿಂಟ್ ತ್ರೀ. ಈ ಸೀಮೆಯಲ್ಲಿ ಅದನ್ನು ಬಳಸುತ್ತಿದ್ದವರು ನನಗೆ ಗೊತ್ತಿದ್ದಂತೆ ಅವರೊಬ್ಬರೇ. ಅದರ ಲೆಡ್ಡು ತರಿಸಿಕೊಡುತ್ತಿದ್ದವನು ನಾನೊಬ್ಬನೇ. ಹೀಗೆ ನಾವು ಪರಸ್ಪರ ಅನಿವಾರ್ಯರಾಗಿದ್ದೆವು. ಅನಿವಾರ್ಯರಾದವರು ಒಬ್ಬರನ್ನೊಬ್ಬರು ಕೀಳಾಗಿ ಕಾಣುವುದು ಲೋಕರೂಢಿ. ನಾವು ಲೋಕವನ್ನು ಮೀರಿ ನಡೆದವರಲ್ಲ.

ನನ್ನ ಪ್ರಕಾರ ಪೆನ್ಸಿಲ್ ಎಂದರೆ ಮರ. ಮೊಂಡಾದರೆ ಬ್ಲೇಡಿನಲ್ಲಿ ಹೆರೆಯಬೇಕು, ಹೆರೆದ ಸಿಪ್ಪೆಯನ್ನು ಮೂಸಬೇಕು, ಗಿಡ್ಡವಾದ ಮೇಲೆ ಕಿವಿಯ ಮೇಲಿಟ್ಟುಕೊಂಡು ಮರೆತುಬಿಡಬೇಕು. ಸ್ಪ್ರಿಂಗು, ಗುಂಡಿ, ಉಂಗುರ, ಕೊಳವೆಗಳಿರುವ ವಸ್ತುವನ್ನು ಸೈಕಲ್ ಶಾಪಿನಲ್ಲಿ ಮಾರುವುದು ಮರ್ಯಾದೆ. ಇದನ್ನು ಒಂದು ದಿನ ಅವರಿಗೆ ಹೇಳಿಯೂಬಿಟ್ಟೆ. ಅವರು ನನ್ನ ಕೌಂಟರಿನ ಮೇಲೆ ಪೇಪರು ಹಾಸಿ, ಜೇಬಿನಿಂದ ಪಾಯಿಂಟ್ ತ್ರೀ ತೆಗೆದು, ಕೋಳಿಯ ಪುಕ್ಕ ಕೀಳುವವರಂತೆ ಒಂದೊಂದೇ ಭಾಗ ಬಿಚ್ಚಿಟ್ಟರು. ಆಮೇಲೆ ಎಡಗೈಯ ಮೂರು ಬೆರಳಲ್ಲಿ ಒಂದು ಬೆಂಕಿಕಡ್ಡಿ ಹಿಡಿದು, ಬಲಗೈಯ ಎರಡು ಬೆರಳನ್ನು ಉಂಗುರ ಮಾಡಿ ಅದರ ಸುತ್ತ ತೊಡಿಸಿದರು.

"ನೋಡಿ. ಈ ಮೂರು ಬೆರಳು ಹಿತ್ತಾಳೆ ಬಾಯಿ. ಲೆಡ್ ಕಚ್ಕೊಂಡಿರೋದು ಇವನೇ. ಈ ಉಂಗುರ ಅವನ ಮೇಲಿರೋವರ್ಗೂ ಬಾಯಿ ಬಿಡಂಗಿಲ್ಲ. ನೀವು ಗುಂಡಿ ಒತ್ತಿದ್ರಿ ಅನ್ನಿ, ಬಾಯಿ, ಉಂಗುರ, ಲೆಡ್ಡು ಮೂರೂ ಒಟ್ಟಿಗೆ ಮುಂದೆ ಹೋಗ್ತಾವೆ. ಒಂಚೂರು ಹೋದ್ಮೇಲೆ ಉಂಗುರ ಗೋಡೆಗೆ ತಾಗಿ ನಿಂತ್ಬಿಡ್ತದೆ. ಬಾಯಿ ಮಾತ್ರ ಮುಂದೆ ಹೋಗಿ ಉಂಗುರದಿಂದ ಆಚೆ ಬಂತು, ಬಿಚ್ಕೊಂತು. ಕೈ ತೆಗೀರಿ, ಸ್ಪ್ರಿಂಗು ಅವನ್ನ ಹಿಂದಕ್ಕೆ ಎಳ್ದು ಮತ್ತೆ ಉಂಗುರದೊಳಕ್ಕೆ ತುರುಕ್ತದೆ. ಮತ್ತೆ ಕಚ್ಕೊಂಡ. ಲೆಡ್ಡು ಅವನ ಜೊತೆ ವಾಪಸ್ ಹೋಗ್ಬಾರ್ದಲ್ಲ, ಅದಕ್ಕೇ ತುದೀಲಿ ಈ ರಬ್ಬರ್ ಚೂರು ಜಾಮೀನು ನಿಂತಿರೋದು. ಒಂದ್ಸಲ ಒತ್ತಿದ್ರೆ ಇಷ್ಟೇ. ಜಾಸ್ತಿ ಕೇಳಿದ್ರೂ ಕೊಡಲ್ಲ, ಕಮ್ಮೀನೂ ಕೊಡಲ್ಲ. ಇಷ್ಟು ನಿಯತ್ತಿರೋ ಮನುಷ್ಯನ್ನ ನಮ್ಮ ಆಫೀಸಲ್ಲಿ ನಾನು ಕಾಣ್ಲಿಲ್ಲ ಕಣ್ರೀ."

"ಒತ್ತಿದ್ರೆ ಮಾತ್ರ ಕೆಲ್ಸ ಮಾಡ್ತಾನೆ ಅಂದ್ರೆ ಆಫೀಸಿನೋನೇ ಬಿಡಿ," ಎಂದೆ.

ಎರಡು ವಾರ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಬಂದಾಗಲೂ ಸುಮ್ಮನೆ ಬರುವವರಲ್ಲ. ಬಂದವರೇ ನನ್ನ ಪೆನ್ಸಿಲ್ಲಿನ ಸ್ಟ್ಯಾಂಡಿನ ಮುಂದೆ, ಜೈಲು ತಪಾಸಣೆಗೆ ಬಂದ ಅಧಿಕಾರಿಯಂತೆ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಮಕ್ಕಳು 'ಪೆನ್ ಪೆನ್ಸಿಲ್' ಎಂದು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು: "ಏನೋ ಹಂಗಂದ್ರೆ? ಎಮ್ಮೆ ಹಸು ಅಂತೀಯೇನೋ?" ಪಾಯಿಂಟ್ ಫೈವ್ ಶಾಲೆಯ ಮಕ್ಕಳಿಗೆ, ಅವಕ್ಕೆ ಬುದ್ಧಿ ಬರುವವರೆಗೆ. ಪಾಯಿಂಟ್ ಸೆವೆನ್ ದಿನಸಿ ಅಂಗಡಿಯವರಿಗೆ, ಅವರಿಗೆ ಬುದ್ಧಿ ಬೇಕಾಗಿಲ್ಲ. ಪಾಯಿಂಟ್ ನೈನ್ ದೋಬಿ ಗುರುತು ಹಾಕಲು. ಎರಡು ಎಂ.ಎಂ.ನದು, ಅಂದರೆ ಗುಂಡಿ ಒತ್ತಿದರೆ ಮೂತಿ ಪೂರ್ತಿ ತೆರೆದು ಇಡೀ ಕಡ್ಡಿಯನ್ನೇ ಕೆಳಗೆ ಬೀಳಿಸಿಬಿಡುವ ಕ್ಲಚ್ ಪೆನ್ಸಿಲ್ಲು, ಅವರ ದೃಷ್ಟಿಯಲ್ಲಿ ಸೌದೆ. ತುದಿಯ ಕೊಳವೆ ಒಳಗೆ ಸರಿದು ಲೆಡ್ಡನ್ನು ಕಾಪಾಡುವ ನಮೂನೆಯೊಂದಿದೆ. ಜೇಬಿಗೆ ಚುಚ್ಚುವುದಿಲ್ಲವೆಂದು ನಾನು ಹೊಗಳಿದೆ. "ಹೆದರಿದ ಆಮೆ," ಎಂದರು. ಮೊಂಡಾದ ಲೆಡ್ಡಿನ ಮೊಳೆಯನ್ನು ಮುಂದಿನಿಂದ ಕಿತ್ತು ಹಿಂದಿನಿಂದ ತುರುಕಿ, ಹೊಸ ಮೊಳೆಯನ್ನು ಮುಂದೆ ಬರಿಸುವ ಪ್ಲಾಸ್ಟಿಕ್ಕಿನದೊಂದು ಬರುತ್ತದೆ. "ಇದು ಪೆನ್ಸಿಲ್ ಅಲ್ಲ ಶೆಟ್ರೇ, ಟ್ರಾನ್ಸ್‌ಫರ್ರು," ಎಂದರು.

ಆದರೆ ಅವರ ತಿರಸ್ಕಾರದ ಪರಮಪದ ಸಿಕ್ಕಿದ್ದು ಅಲ್ಲಾಡಿಸುವ ಪೆನ್ಸಿಲ್ಲಿಗೆ. ಅದರ ಹೊಟ್ಟೆಯೊಳಗೊಂದು ಲೋಹದ ತುಂಡಿರುತ್ತದೆ. ಪೆನ್ಸಿಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಆ ತುಂಡೇ ಗುಂಡಿಯ ಕೆಲಸ ಮಾಡಿ ಲೆಡ್ಡನ್ನು ಮುಂದೆ ನೂಕುತ್ತದೆ. ಹೆಬ್ಬೆರಳು ಎತ್ತಬೇಕಾಗಿಲ್ಲ. ಹೊಸದಾಗಿ ಬಂದದ್ದನ್ನು ಬಹಳ ಉತ್ಸಾಹದಿಂದ ಅವರ ಕೈಗಿತ್ತೆ. ಒಂದು ಸಲ ಅಲ್ಲಾಡಿಸಿದರು. ಕಟ್ ಕಟ್ ಎಂದಿತು. ಸತ್ತ ಹಲ್ಲಿಯನ್ನು ಕೆಳಗಿಡುವಂತೆ ಕೌಂಟರಿನ ಮೇಲಿಟ್ಟರು.

"ಕೆಮ್ಮಿನ ಔಷಧೀನಾ ಇದು, ಅಲ್ಲಾಡ್ಸಿ ಕುಡಿಯೋಕೆ? ಕೈ ನಿಲ್ದೇ ಇರೋನಿಗೆ ಪೆನ್ಸಿಲ್ ಯಾಕ್ರೀ ಬೇಕು? ನಕ್ಕೋ, ಬೇಡ. ತಗ್ದು ಒಳಗಿಡಿ."

ಈ ಅಹಂಕಾರಕ್ಕೆ ಒಂದು ಲೆಕ್ಕವಿತ್ತು ಎಂಬುದನ್ನು ಒಪ್ಪಲೇಬೇಕು. ಮನೆಯ ನಕ್ಷೆಯನ್ನು ಒಂದಕ್ಕೆ ನೂರರ ಅಳತೆಯಲ್ಲಿ ಬರೆಯುತ್ತಾರೆ. ಎಂದರೆ ಕಾಗದದ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ ಅರ್ಧ ಗೇಣು. ಗೆರೆ ದಪ್ಪವಾದಷ್ಟೂ ಮೇಸ್ತ್ರಿ ಅದರ ಯಾವ ಅಂಚಿನಿಂದ ಅಳೆಯಬೇಕು ಎಂದು ತಲೆ ಕೆರೆದುಕೊಳ್ಳುತ್ತಾನೆ, ಕೆರೆದುಕೊಂಡವನು ತಪ್ಪು ಅಂಚನ್ನೇ ಹಿಡಿಯುತ್ತಾನೆ. ಅಜ್ಜಂಪುರದ ಈರುಳ್ಳಿ ವ್ಯಾಪಾರಿಯೊಬ್ಬರು ಸಾಹೇಬರಿಂದ ಪ್ಲಾನ್ ಬರೆಸಿಕೊಂಡು ಹೋಗಿ, ಗೆರೆ ತೀರಾ ಸಣ್ಣ, ಕಣ್ಣಿಗೆ ಕಾಣಿಸುವುದೇ ಇಲ್ಲವೆಂದು ಅದರ ಮೇಲೆಲ್ಲ ಹಸಿರು ಸ್ಕೆಚ್ ಪೆನ್ನಿನಲ್ಲಿ ತಿದ್ದಿದರು. ಮನೆ ಎದ್ದಿತು. ಮಲಗುವ ಕೋಣೆಗೆ ಬೀರು ಹೋದರೆ ಮಂಚ ಹೋಗದು, ಮಂಚ ಹೋದರೆ ಬೀರು ಹೋಗದು. ವ್ಯಾಪಾರಿ ಬೆಂಕಿಯಾಗಿ ತರೀಕೆರೆಗೆ ಬಂದರು. ಸಾಹೇಬರು ನನ್ನ ಅಂಗಡಿಯಲ್ಲೇ ಇದ್ದರು.

"ಏನ್ ಸಾಹೇಬ್ರೇ ಇದು? ಹತ್ತಡಿ ರೂಮು ಅಂದ್ರಿ, ಒಂಬತ್ತಡಿ ಚಿಲ್ರೆ ಬಂದೈತೆ! ನಮ್ಮ ಮಂಚ ಎಲ್ಲಿಕ್ಕಣ?"

ಸಾಹೇಬರು ಆ ಹಸಿರು ನಕ್ಷೆಯನ್ನು ಬಿಡಿಸಿ ನೋಡಿದರು. ತುಂಬಾ ಹೊತ್ತು ನೋಡಿದರು.

"ನಿಮ್ಮ ಮಂಚ ಸ್ಕೆಚ್ ಪೆನ್ನೊಳಗೆ ಸಿಕ್ಕಾಕ್ಕೊಂಡೈತೆ. ಹುಡುಕ್ಕೊಳ್ಳಿ."

ಇಷ್ಟು ಹೇಳಿ ನನ್ನ ಕಡೆ ತಿರುಗಿ, "ಶೆಟ್ರೇ, ಆ ಸ್ಕೆಚ್ ಪೆನ್ ಮಾರಿದ ಪಾಪ ಯಾರದು?" ಎಂದು ಕೇಳಿದರು. ನಾನು ಬಲೂನು ಎಣಿಸತೊಡಗಿದೆ.

ಇಂಥ ಮನುಷ್ಯನಿಗೆ ಇದ್ದದ್ದು ಒಬ್ಬಳೇ ಮಗಳು. ಕಡೂರಿನಲ್ಲಿ ಶಾಲೆಯ ಟೀಚರು. ಗಂಡ ಅಲ್ಲೇ ಟೈರಿನ ಅಂಗಡಿ ಇಟ್ಟಿದ್ದ ಮೆದು ಮಾತಿನ ಮನುಷ್ಯ. ಅವರು ಸಿಂಗಟಗೆರೆ ದಾರಿಯಲ್ಲಿ, ತೆಂಗಿನ ತೋಟ ತೆಗೆದು ಮಾಡಿದ ಹೊಸ ಬಡಾವಣೆಯಲ್ಲಿ ಸೈಟು ಕೊಂಡ ದಿನ ಸಾಹೇಬರು ಲಡ್ಡು ಹಿಡಿದುಕೊಂಡು ಬಂದರು. ಊರಿನವರ ಮನೆಗಳಿಗೆಲ್ಲ ಗೆರೆ ಎಳೆದಿದ್ದಾರೆ. ಕೆಮ್ಮಣ್ಣುಗುಂಡಿ ದಾರಿಯ ಹೋಂಸ್ಟೇಗಳ ಕಕ್ಕಸು ಮನೆಗೂ ಎಳೆದಿದ್ದಾರೆ. ಸ್ವಂತದ್ದೆಂದು ಒಂದು ಗೋಡೆಗೂ ಎಳೆದಿರಲಿಲ್ಲ. ಅವರಿದ್ದ ಮನೆ ಅವರ ತಾತನ ಕಾಲದ್ದು, ಅದಕ್ಕೆ ನಕ್ಷೆಯೇ ಇರಲಿಲ್ಲ.

"ಮಗಳ ಮನೆ ನಕ್ಷೆ ನನ್ನ ಕೈಯಲ್ಲೇ ಆಗ್ಬೇಕು ಶೆಟ್ರೇ. ಆಮೇಲೆ ಪೆನ್ಸಿಲ್ ಕೆಳಗಿಡ್ತೀನಿ. ಅಳಿಯ ಕಂಪ್ಯೂಟರು ಗಿಂಪ್ಯೂಟರು ಅಂತಿದಾನೆ. ಅದ್ರಲ್ಲಿ ಬರೆಯೋನು ಕುರ್ಚಿ ಬಿಟ್ಟು ಏಳಲ್ಲ. ಗಾಳಿ ಯಾವ ಕಡೆಯಿಂದ ಬರ್ತದೆ ಅಂತ ಅವನಿಗೇನು ಗೊತ್ತು, ಫ್ಯಾನ್ ಕೆಳಗೆ ಕೂತಿರೋನಿಗೆ?"

ಅದೇ ವಾರ ಬಂದು ಪಾಯಿಂಟ್ ಫೈವ್ ಲೆಡ್ಡು ಕೇಳಿದರು. ನಾನು ಕಣ್ಣರಳಿಸಿದೆ.

"ಮೊಮ್ಮಗನಿಗೆ," ಎಂದರು.

ಮೊಮ್ಮಗ ಆಗಿನ್ನೂ ಅಂಬೆಗಾಲಿಡುತ್ತಿದ್ದ.

ಆಮೇಲೆ ಒಂದು ಹೊಸ ಸಿದ್ಧಾಂತ ಹೊರಬಿತ್ತು. ಪಾಯಿಂಟ್ ತ್ರೀ ಶೋಕಿ, ವಯಸ್ಸಿನ ಮದ. ನಿಜವಾದ ಕಸುಬುದಾರ ಕೆಲಸ ಮಾಡುವುದು ಪಾಯಿಂಟ್ ಫೈವ್‌ನಲ್ಲೇ. ನಾನು ಈ ಮತಾಂತರವನ್ನು ಗಂಭೀರವಾಗಿ ಕೇಳಿಸಿಕೊಂಡೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪಾಯಿಂಟ್ ಸೆವೆನ್ ಬಂತು, ದಿನಸಿ ಅಂಗಡಿಯವರ ಬುದ್ಧಿವಂತಿಕೆಯ ಬಗ್ಗೆ ಒಂದೆರಡು ಒಳ್ಳೆಯ ಮಾತೂ ಬಂತು. ಲೆಡ್ಡು ಮುರಿಯುವುದು ಹೆಚ್ಚಾಯಿತು. ಮೊದಲೆಲ್ಲ ಮುರಿದರೆ ಬಳಸುವವನ ಕೈಯನ್ನು ಬೈಯುತ್ತಿದ್ದವರು ಈಗ ಕಂಪನಿಯವರನ್ನು ಬೈಯುತ್ತಿದ್ದರು: "ಕಳ್ಳ ನನ್ಮಕ್ಳು, ಬೂದಿ ಬೆರ್ಸ್ತಾರೆ."

ನಾನು ನೋಡಿದ್ದು ಟೀ ಲೋಟ. ಪಕ್ಕದ ಹೋಟೆಲಿನಿಂದ ಟೀ ತರಿಸಿದರೆ, ಹಬೆಯಾಡುವುದನ್ನೇ ಗುಟುಕರಿಸುತ್ತಿದ್ದ ಮನುಷ್ಯ ಈಗ ಅದನ್ನು ಮುಟ್ಟದೆ ಮಾತಾಡುತ್ತ ಕೂರುತ್ತಿದ್ದರು. ಅದು ತಣ್ಣಗಾಗಿ ಕೆನೆ ಕಟ್ಟಿದ ಮೇಲೆ, ನಾನು ಗಿರಾಕಿಯ ಕಡೆ ತಿರುಗಿದ ಹೊತ್ತು ನೋಡಿ, ಎರಡೂ ಕೈಯಲ್ಲಿ ಹಿಡಿದು ಒಂದೇ ಸಲಕ್ಕೆ ಮುಗಿಸುತ್ತಿದ್ದರು. ಗಿರಾಕಿ ಇಲ್ಲದಿದ್ದರೂ ನಾನು ಆ ಕಡೆ ತಿರುಗುವುದನ್ನು ರೂಢಿ ಮಾಡಿಕೊಂಡೆ.

ಲೆಡ್ಡು ದಪ್ಪವಾದರೆ ಗೆರೆ ದಪ್ಪ. ಗೆರೆ ದಪ್ಪವಾದರೆ ಮಗಳ ಮಂಚ ಹೋಗದು. ಸಾಹೇಬರಿಗೆ ಇದು ಗೊತ್ತಿಲ್ಲದ್ದೇ? ಅದಕ್ಕೂ ಒಂದು ಉಪಾಯ ಹುಡುಕಿದರು. ಒಂದಕ್ಕೆ ನೂರರ ಬದಲು ಒಂದಕ್ಕೆ ಐವತ್ತರಲ್ಲಿ ಬರೆದರೆ ಕಾಗದ ದೊಡ್ಡದಾಗುತ್ತದೆ, ಗೆರೆ ತಿನ್ನುವ ಜಾಗ ಅರ್ಧಕ್ಕಿಳಿಯುತ್ತದೆ. ದೊಡ್ಡ ಹಾಳೆ ತರಿಸಿಕೊಟ್ಟೆ. ಪಾಯಿಂಟ್ ನೈನ್‌ಗೆ ಬಂದಾಗ ಒಂದಕ್ಕೆ ಇಪ್ಪತ್ತು ಎಂದರು. ಮೇಜು ಸಾಲದಾಯಿತು. ತಮ್ಮ ಕೋಣೆಯ ಬಾಗಿಲನ್ನೇ ಕಿತ್ತು ಎರಡು ಡ್ರಮ್ಮಿನ ಮೇಲೆ ಮಲಗಿಸಿದರು. ಒಂದು ಮನೆಯ ನಕ್ಷೆಗಾಗಿ ಇನ್ನೊಂದು ಮನೆಯ ಬಾಗಿಲು ಹೋಯಿತು.

"ಹಿಂಗೇ ಬೆಳೀತಾ ಹೋದ್ರೆ ಮನೆಗಿಂತ ನಕ್ಷೇನೇ ದೊಡ್ಡದಾಗುತ್ತೆ ಸಾಹೇಬ್ರೇ."

"ಆಗ ನಕ್ಷೆಯೊಳಗೇ ಸಂಸಾರ ಮಾಡ್ತಾರೆ ಬಿಡಿ. ನೀವು ಗಿಫ್ಟು ಕೊಡೋದು ಮರೀಬೇಡಿ."

ಒಂದು ಶನಿವಾರ ಮಧ್ಯಾಹ್ನ ಮಗಳು ಅಂಗಡಿಗೆ ಬಂದಳು. ಕೈಯಲ್ಲಿ ತಂದೆಯ ಮಾತ್ರೆಗಳ ಚೀಲ.

"ಅಂಕಲ್, ಅಬ್ಬಾಗೆ ನೀವಾದ್ರೂ ಹೇಳಿ. ಶಿವಮೊಗ್ಗದ ಡಾಕ್ಟ್ರು ಈ ನಡುಕ ಹೋಗಲ್ಲ, ಜಾಸ್ತಿ ಆಗದಂಗೆ ನೋಡ್ಕೋಬೇಕು ಅಷ್ಟೇ ಅಂದ್ರು. ಅವ್ರು ದಿನಾ ಬರೀತಾರೆ, ದಿನಾ ಹರೀತಾರೆ. ಮಳೆ ಹಿಡಿಯೋದ್ರೊಳಗೆ ಪಾಯ ಆಗ್ಬೇಕು. ನಮ್ಮನೆಯವ್ರು ಕಂಪ್ಯೂಟರ್ ಪ್ಲಾನ್ ಮಾಡ್ಸಿ ಲೈಸೆನ್ಸೂ ತಗೊಂಡಾಯ್ತು. ಅಬ್ಬಾಗೆ ಹೇಳೋ ಧೈರ್ಯ ನನಗಿಲ್ಲ."

"ನೀನು ಟೀಚರಲ್ವೇನಮ್ಮ? ನಲವತ್ತು ಮಕ್ಳಿಗೆ ಹೇಳ್ತೀಯ."

"ಅವ್ರು ನಲವತ್ತು ಮಕ್ಳಲ್ಲ ಅಂಕಲ್. ಒಬ್ರು."

ಹೇಳುತ್ತೇನೆಂದು ಮಾತು ಕೊಟ್ಟು, ಸಂಜೆ ಅವರ ಮನೆಗೆ ಹೋದೆ. ಸಾಹೇಬರು ಡ್ರಮ್ಮಿನ ಮೇಲೆ ಮಲಗಿಸಿದ್ದ ಬಾಗಿಲಿನ ಮುಂದೆ ನಿಂತಿದ್ದರು. ಕೈಯಲ್ಲಿದ್ದದ್ದು ಎರಡು ಎಂ.ಎಂ.ನ ಕ್ಲಚ್ ಪೆನ್ಸಿಲ್ಲು, ಆ ಸೌದೆ. ಹಾಳೆಯ ಮೇಲೆ ಗೆರೆಗಳಿರಲಿಲ್ಲ. ಬೆಲ್ಲದ ಕಡೆ ಹೊರಟ ಇರುವೆಯ ಸಾಲುಗಳಿದ್ದವು. ಅವರು ನನ್ನ ಮುಖ ನೋಡಿದರು. ನಾನೇನು ಹೇಳಲು ಬಂದಿದ್ದೇನೆಂದು ಅವರಿಗೆ ತಿಳಿದುಹೋಯಿತು ಎಂದು ನನಗೂ ತಿಳಿಯಿತು.

"ಏನ್ ಸಾಹೇಬ್ರೇ, ಈ ಒನಕೇನ ಪೆನ್ಸಿಲ್ ಅಂತೀರಾ?" ಎಂದೆ.

ಅವರ ಮುಖಕ್ಕೆ ಜೀವ ಬಂತು. "ನಿಮ್ಗೇನ್ರೀ ಗೊತ್ತು? ಬ್ಲೇಡಲ್ಲಿ ಹೆರ್ಕೊಂಡು ಬರೆಯೋ ಬಡಗಿ ಜಾತಿ ನಿಮ್ದು," ಎಂದು ಶುರುಮಾಡಿ, ಕ್ಲಚ್ ಪೆನ್ಸಿಲ್ಲಿನ ಮಹಿಮೆಯನ್ನು ಕತ್ತಲಾಗುವವರೆಗೆ ಕೊಂಡಾಡಿದರು. ಅದರ ಲೆಡ್ಡು ಬೀಳಿಸಿದರೂ ಮುರಿಯದು. ಅದಕ್ಕೆಂದೇ ಬೇರೆ ಶಾರ್ಪ್‌ನರ್ ಇದೆ. ಚೂಪು ಮಾಡಿದರೆ ಸೂಜಿ, ಬಿಟ್ಟರೆ ಕುಂಚ. ನಾನು ಪ್ರತಿಯೊಂದಕ್ಕೂ ಎದುರು ವಾದಿಸಿದೆ. ಅವತ್ತು ನಾನು ಹೀಯಾಳಿಸುವುದನ್ನು ನಿಲ್ಲಿಸಿದ್ದರೆ, ಶಿವಮೊಗ್ಗದ ಡಾಕ್ಟರು ಹೇಳಿದ್ದನ್ನೇ ಎರಡನೆಯ ಸಲ ಹೇಳಿದಂತಾಗುತ್ತಿತ್ತು. ಮಗಳಿಗೆ ಫೋನು ಮಾಡಿ, "ಹೇಳೋಕಾಗ್ಲಿಲ್ಲ ಕಣಮ್ಮ," ಎಂದೆ.

ಮುಂದಿನ ತಿಂಗಳು ರೇಷನ್ ತೆಗೆದುಕೊಂಡು ಅವರು ಅಂಗಡಿಗೆ ಬಂದರು. ಬೆರಳು ತೋರಿಸಲಿಲ್ಲ. ಸ್ಟೂಲಿನ ಮೇಲೆ ಕೂತು, ಅಕ್ಕಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡರು.

"ಏನಂತು ಮಷಿನ್ನು?" ಎಂದು ಕೇಳಿದೆ.

"ಒಪ್ಕೊಂತು ಕಣ್ರೀ."

ನನಗೆ ಮೊದಲು ಅರ್ಥವಾಗಲಿಲ್ಲ.

"ಒಂದೇ ಸಲಕ್ಕೆ. ಹಸಿರು ದೀಪ. ಆ ರೇಷನ್ ಅಂಗಡಿ ಹುಡ್ಗ ಚಪ್ಪಾಳೆ ಬೇರೆ ತಟ್ಟಿದ." ಹೆಬ್ಬೆರಳನ್ನು ತಾವೇ ಒಮ್ಮೆ ನೋಡಿಕೊಂಡು ಮುಷ್ಟಿಯೊಳಗೆ ಮಡಚಿಟ್ಟರು. ಪಾಯಿಂಟ್ ತ್ರೀ ಹಿಡಿಯುವುದು ನಿಂತು ಎಷ್ಟೋ ತಿಂಗಳಾಗಿ, ಚೌಕುಳಿಗಳು ಹೋಗಿದ್ದವು. ಚರ್ಮ ಎಲ್ಲರ ಚರ್ಮದಂತಾಗಿತ್ತು. "ಬೆಣ್ಣೆ ಬಿಸ್ಕತ್ತು," ಎಂದರು.

ಅವತ್ತೇ ಮಗಳಿಗೆ ಫೋನು ಮಾಡಿದರು. "ಕಂಪ್ಯೂಟರ್‌ದು ಮಾಡ್ಸಿರ್ತೀರಿ, ನಂಗೊತ್ತು. ಅದ್ರಲ್ಲೇ ಕಟ್ಟಿ," ಎಂದಷ್ಟೇ ಹೇಳಿದರಂತೆ. ಮಗಳು ಅತ್ತಳಂತೆ. ನಾನು ಆ ಸಂಜೆ, ಯಾರೂ ಕೊಳ್ಳದೆ ಧೂಳು ಹಿಡಿದಿದ್ದ ಪಾಯಿಂಟ್ ತ್ರೀ ಲೆಡ್ಡಿನ ಡಬ್ಬಿಗಳನ್ನು ಒರೆಸಿ ಮತ್ತೆ ಮುಂದಿನ ಸಾಲಿಗೇ ಇಟ್ಟೆ. ವ್ಯಾಪಾರದ ದೃಷ್ಟಿಯಿಂದ ಅದು ಶುದ್ಧ ಮೂರ್ಖತನ.

ಪಾಯಕ್ಕೆ ಗುರುತು ಹಾಕುವ ದಿನ ಸಾಹೇಬರು ನನ್ನ 'ಬೆಣ್ಣೆ ಬಿಸ್ಕತ್ತಿನ' ಕೈ ಹಿಡಿದು ಅಂಗಡಿ ಮುಚ್ಚಿಸಿದರು. "ತಪ್ಪು ಹುಡುಕೋಕೆ ಇಬ್ರು ಬೇಕು, ಬನ್ನಿ." ಬಸ್ಸು ಬೀರೂರು ದಾಟುವವರೆಗೂ ಕಂಪ್ಯೂಟರನ್ನು ಬೈದರು, ಅಲ್ಲಿಂದ ಕಡೂರಿನವರೆಗೆ ನಿದ್ದೆ ಮಾಡಿದರು.

ಸೈಟಿನಲ್ಲಿ ಮೇಸ್ತ್ರಿ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ದಾರ ಎಳೆದು ಕಟ್ಟಿದ್ದ. ಇನ್ನು ದಾರದ ಗುಂಟ ಸುಣ್ಣದ ಪುಡಿ ಉದುರಿಸುತ್ತ ಹೋಗಬೇಕು. ಅದರ ಮೇಲೆ ಮಾರನೆಯ ದಿನ ಜೆಸಿಬಿ ಅಗೆಯುತ್ತದೆ. ಅದಕ್ಕೆಂದು ತಳಕ್ಕೆ ಮೊಳೆಯಲ್ಲಿ ತೂತು ಹೊಡೆದ ಹಾಲಿನ ಪುಡಿಯ ಡಬ್ಬಿಯೊಂದಿತ್ತು. ಮೇಸ್ತ್ರಿ ಡಬ್ಬಿಗೆ ಸುಣ್ಣ ತುಂಬಿ ನಡೆಯುತ್ತ ತಟ್ಟಿದ. ಒಂದು ಕಡೆ ಬುಟ್ಟಿಯಷ್ಟು ಬಿತ್ತು, ಮುಂದೆ ಮೂರು ಹೆಜ್ಜೆ ಏನೂ ಬೀಳಲಿಲ್ಲ.

ಸಾಹೇಬರು ತೆಂಗಿನ ಬುಡದ ಮೇಲೆ ಕೂತಿದ್ದವರು ಎದ್ದರು. "ಏನಪ್ಪಾ ಇದು? ಗೆರೆನೋ, ಎಮ್ಮೆ ಸೆಗಣಿ ಹಾಕ್ಕೊಂಡ್ ಹೋದ ದಾರಿನೋ?"

"ನೀವೇ ಹಾಕಿ ನೋಡಿ ಯಜಮಾನ್ರೇ," ಎಂದ ಮೇಸ್ತ್ರಿ, ಸಿಟ್ಟಿನಲ್ಲಿ.

ಮೇಸ್ತ್ರಿಗೆ ಆ ಕೈಯ ವಿಷಯ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು. ಅಳಿಯ ನೆಲ ನೋಡತೊಡಗಿದ. ಮಗಳು ಮಾತ್ರ ಮೇಸ್ತ್ರಿಯ ಕೈಯಿಂದ ಡಬ್ಬಿ ಇಸಿದುಕೊಂಡು ಅವರ ಮುಂದೆ ಹಿಡಿದಳು.

"ಅಬ್ಬಾ, ಹಾಕಿ."

ಸಾಹೇಬರು ಡಬ್ಬಿಯನ್ನು ಬಲಗೈಯಲ್ಲಿ ತೆಗೆದುಕೊಂಡರು. ಕೈ ಕೇಳಲಿಲ್ಲ, ಎಂದಿನಂತೆ ನಡುಗಿತು. ನಡುಗಿದ್ದಕ್ಕೆ ಸುಣ್ಣ ಬಿತ್ತು. ಜೊಳ್ಳು ಕೇರುವ ಮೊರದಿಂದ ಉದುರುವಂತೆ ನಯವಾಗಿ, ಒಂದೇ ಸಮನೆ ಬಿತ್ತು. ಅವರು ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ದಾರದ ಗುಂಟ ಬಿಳಿಯ ಗೆರೆಯೊಂದು, ಎಲ್ಲೂ ತುಂಡಾಗದೆ, ಎಲ್ಲೂ ಗುಪ್ಪೆಯಾಗದೆ, ಅವರ ಹಿಂದೆ ಉದ್ದವಾಗುತ್ತ ಹೋಯಿತು. ಮೂಲೆಗೆ ಬಂದು ಡಬ್ಬಿಯನ್ನು ಅಂಗೈಯ ಮೇಲೆ ನೆಟ್ಟಗೆ ಕೂರಿಸಿ ತೂತು ಮುಚ್ಚಿದರು. ಗೆರೆ ಚೂರಿಯಲ್ಲಿ ಕೊಯ್ದಂತೆ ನಿಂತಿತು. ಆಮೇಲೆ ಒಳಗಿನ ಗೋಡೆಗಳ ದಾರಕ್ಕೆ ಬಂದರು. ನಿಂತರು.

"ಅಡುಗೆ ಮನೆ ಗೋಡೆ ಇಲ್ಲಿ ಅಲ್ಲ. ಗೂಟ ಕಿತ್ತು ಎರಡಡಿ ಈ ಕಡೆ ಹೊಡಿ. ಕಿಟಕಿ ಪಶ್ಚಿಮಕ್ಕಿಡು, ಗಾಳಿ ಆ ಕಡೆಯಿಂದ ಬರೋದು."

ಮೇಸ್ತ್ರಿ ಅಳಿಯನ ಮುಖ ನೋಡಿದ. ಅಳಿಯ ಕಂಪ್ಯೂಟರಿನ ಹಾಳೆಯನ್ನು ನಾಲ್ಕಾಗಿ ಮಡಚಿ ಪ್ಯಾಂಟಿನ ಜೇಬಿಗೆ ಸೇರಿಸಿ, "ಮಾಮು ಹೇಳ್ದಂಗೆ ಹೊಡಿ," ಎಂದ. ಮದುವೆಯಾದ ಮೇಲೆ ಅವನು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲೆಂದು ಮಗಳು ಆಮೇಲೆ ಹೇಳಿದಳು.

ಹೊರಗೋಡೆ ಲೈಸೆನ್ಸಿನ ಪ್ರಕಾರ ಉಳಿಯಿತು. ಒಳಗಿನದೆಲ್ಲ ಸಾಹೇಬರದಾಯಿತು. ದಿನಾ ಬರೆದು ದಿನಾ ಹರಿದ ನಕ್ಷೆ ಅವರ ತಲೆಯಲ್ಲಿ ಹರಿಯದೆ ಉಳಿದಿತ್ತು. ಬಿಸಿಲೇರುವವರೆಗೆ ಅದನ್ನು ನೆಲದ ಮೇಲೆ ಬರೆದರು. ಸುಣ್ಣ ಮುಗಿದಾಗಲೆಲ್ಲ ತುಂಬಿಕೊಡುವ ಕೆಲಸ ನನ್ನದು. ಲೆಡ್ಡು ಒದಗಿಸುವುದು ನನಗೆ ಹೊಸದೇನೂ ಅಲ್ಲ.

"ಲೆಡ್ಡು ಎಷ್ಟು ಎಂ.ಎಂ. ಸಾಹೇಬ್ರೇ?" ಎಂದು ಕೇಳಿದೆ.

"ಸ್ಕೇಲು ಒಂದಕ್ಕೊಂದು ಶೆಟ್ರೇ. ಇಲ್ಲಿ ಗೆರೆ ಎಷ್ಟು ದಪ್ಪ ಆದ್ರೂ ಯಾರ ಮಂಚಾನೂ ತಿನ್ನಲ್ಲ." ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. "ಹಿಡೀರಿ, ನೋಡೋಣ."

ಹಿಡಿದೆ. ಏನೂ ಬೀಳಲಿಲ್ಲ. ಅಲ್ಲಾಡಿಸಿದೆ, ಚಪ್ಪಲಿಯ ಮೇಲೆ ಸುರಿಯಿತು.

ಸಾಹೇಬರು ನಕ್ಕರು. ಬಹಳ ದಿನದ ಮೇಲೆ, ಆ ಹಳೆಯ, ಮನುಷ್ಯನನ್ನು ಬೇರುಸಹಿತ ಕೀಳುವ ನಗು. "ಅಲ್ಲಾಡ್ಸೋ ಪೆನ್ಸಿಲ್ ಅಂತ ಒಂದ್ಸಲ ಕೊಟ್ರಲ್ಲ, ನಾನು ಬೈದಿದ್ದೆ. ಆವಾಗಿನ್ನೂ ಅದಕ್ಕೆ ತಕ್ಕ ಕೈ ಇರ್ಲಿಲ್ಲ ನನಗೆ. ನೀವು ಅಲ್ಲಾಡಿಸ್ಬೇಕು, ನಾನು ಸುಮ್ನೆ ಹಿಡ್ಕೊಂಡ್ರೆ ಸಾಕು. ಕೊಡಿ ಇಲ್ಲಿ."

ತಮ್ಮ ಕೈಯ ಬಗ್ಗೆ ನನ್ನೆದುರು ಅವರು ಆಡಿದ ಮಾತು ಅದೊಂದೇ.

ಮಾರನೆಯ ದಿನ ಜೆಸಿಬಿ ಬಂದು ಆ ಗೆರೆಗಳನ್ನೆಲ್ಲ ಬಾಚಿ ಲಾರಿಗೆ ತುಂಬಿತಂತೆ. ಸಾಹೇಬರ ಅತಿ ದೊಡ್ಡ ನಕ್ಷೆ ಒಂದು ರಾತ್ರಿ ಮಾತ್ರ ಈ ಲೋಕದಲ್ಲಿತ್ತು. ಅವರಿಗೇನೂ ಬೇಸರವಾಗಲಿಲ್ಲ, ನಕ್ಷೆಯನ್ನು ಫ್ರೇಮು ಹಾಕಿಸಿಕೊಳ್ಳುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಅಸಹ್ಯ. ತಾರಸಿ ಹಾಕಿದ್ದನ್ನು ನೋಡಿದರು. ಗಿಲಾವು ನಡೆಯುತ್ತಿದ್ದಾಗ, ಒಂದು ಶುಕ್ರವಾರ ನಮಾಜು ಮುಗಿಸಿ ಬಂದು ಆ ಬಾಗಿಲಿಲ್ಲದ ಕೋಣೆಯಲ್ಲಿ ಮಲಗಿದವರು ಏಳಲಿಲ್ಲ. ಜನ ಬಂದು ಹೋಗಲು ಅವತ್ತು ಬಾಗಿಲು ತೆಗೆಯುವ ತಾಪತ್ರಯ ಇರಲಿಲ್ಲ.

ಕಡೂರಿನ ಮನೆಗೆ ಹೋಗಿದ್ದೆ. ಗಿಫ್ಟು ಮರೆಯಲಿಲ್ಲ. ಅಡುಗೆ ಮನೆಯ ಪಶ್ಚಿಮದ ಕಿಟಕಿಯಿಂದ ಗಾಳಿ ಬರುತ್ತದೆ. ಹಾಲು ಕಾಯಿಸುವಾಗ ಸ್ಟೋವು ಆರಿಹೋಗುವಷ್ಟು ಬರುತ್ತದೆ, ಮಗಳು ಕಿಟಕಿಗೆ ರಟ್ಟು ಅಡ್ಡ ಇಟ್ಟಿದ್ದಾಳೆ. ಮಲಗುವ ಕೋಣೆಯಲ್ಲಿ ಮಂಚ, ಬೀರು ಎರಡೂ ಇವೆ. ಹೊರಡುವಾಗ ಅವಳು ಒಂದು ಸಣ್ಣ ಪೊಟ್ಟಣ ಕೊಟ್ಟಳು. ಒಳಗೆ ಪಾಯಿಂಟ್ ತ್ರೀ ಇತ್ತು. ಹಿಡಿಕೆಯ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತು.

"ಶೆಟ್ರಿಗೆ ಕೊಡು ಅಂದಿದ್ರು ಅಂಕಲ್. ಹಾಳ್ಮಾಡ್ತಾರೆ, ಆದ್ರೂ ಕೊಡು ಅಂದಿದ್ರು."

ಅಂಗಡಿಯಲ್ಲಿ ಈಗ ಅದರಲ್ಲೇ ಬರೆಯುತ್ತೇನೆ. ಒತ್ತಿದರೆ ಮುರಿಯುತ್ತದೆ, ಮುರಿದಾಗ ಕಂಪನಿಯವರನ್ನು ಬೈಯುವುದಿಲ್ಲ. ಪೆನ್ ಪೆನ್ಸಿಲ್ ಕೇಳಲು ಬಂದ ಮಕ್ಕಳಿಗೆ ಎಮ್ಮೆ, ಹಸು ಎಂದೆಲ್ಲ ಹೇಳಿ ಕಳಿಸುತ್ತೇನೆ. ವ್ಯಾಪಾರ ಇಳಿದಿದೆ.

ತಿಂಗಳಿಗೊಮ್ಮೆ ರೇಷನ್ ಅಂಗಡಿಗೆ ಹೋಗುತ್ತೇನೆ. ಒಳ ಹೋಗುವ ಮುಂಚೆ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತೇನೆ, ಒಂದೆರಡು ಚೌಕುಳಿಯಾದರೂ ಮೂಡಿರಬಹುದೇ ಎಂದು. ಮಷಿನ್ನು ಒಂದೇ ಸಲಕ್ಕೆ ಹಸಿರು ದೀಪ ಹಚ್ಚುತ್ತದೆ. ಅಕ್ಕಿಯ ಚೀಲ ಹೊತ್ತು, ತಲೆ ತಗ್ಗಿಸಿಕೊಂಡು ಬರುತ್ತೇನೆ.